ಕಾವಲುಗಾರ ಕಣ್ಣು ಮಿಟುಕಿಸಿದ ಹೊತ್ತು

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈ ಗಾದೆಯನ್ನು ಕಟ್ಟಿದವರು, ಕೊಳ್ಳೆ ಹೊಡೆಯುವವನು ಹೊರಗಿನಿಂದಲೇ ಬರತಕ್ಕವನು ಎಂದು ಭಾವಿಸಿದ್ದಿರಬೇಕು. ಆದರೆ ಹೊರಗಿನವನಿಗಿಂತ ಒಳಗಿರುವವನಿಂದ ಬರುವ ಅಪಾಯವೇ ಎಷ್ಟೋ ವೇಳೆ ಹೆಚ್ಚಿನದು. ಅವನು ಬಾಗಿಲು ಒಡೆಯಬೇಕಾಗಿಲ್ಲ, ಗೋಡೆ ಹಾರಬೇಕಾಗಿಲ್ಲ. ಒಳಗೆ ಬರಲು ಅವನಿಗೆ ಅಪ್ಪಣೆಯೇ ಇದೆ. ಅಂಗಳದವರೆಗೆ ಬರಲು ಅಪ್ಪಣೆಯಿದ್ದವನು ಒಂದು ದಿನ ಭಂಡಾರದ ಬೀಗದ ಕೈಯನ್ನು ಸಂಪಾದಿಸಿಕೊಂಡುಬಿಟ್ಟರೆ, ಹೆಬ್ಬಾಗಿಲಿನ ಕಾವಲಿನಿಂದ ಏನು ಪ್ರಯೋಜನ?

ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ಎರಡು ಬಗೆಯ ಅಪಾಯಗಳುಂಟು. ಹೊರಗಿನವನು ಒಳನುಗ್ಗುವುದು ಒಂದು. ಒಳಗಿರುವ ಸಾಮಾನ್ಯನು ತನಗಿಲ್ಲದ ಅಧಿಕಾರವನ್ನು ಗಿಟ್ಟಿಸಿಕೊಂಡು ಯಜಮಾನನಾಗಿಬಿಡುವುದು ಇನ್ನೊಂದು. ಈ ಎರಡನೆಯದನ್ನು ಅಧಿಕಾರದ ಏರಿಕೆ ಎಂದು ಕರೆಯಬಹುದು. ಲಿನಕ್ಸ್ ಎಂಬ ಹೆಸರಾಂತ ಕಾರ್ಯವ್ಯವಸ್ಥೆಯಲ್ಲಿ 2016ರಲ್ಲಿ ಬೆಳಕಿಗೆ ಬಂದ ಇಂಥದೊಂದು ದೋಷದ ಇತಿಹಾಸವನ್ನು ಇಲ್ಲಿ ಹೇಳಹೊರಟಿದ್ದೇನೆ. ಆ ದೋಷಕ್ಕೆ ಡರ್ಟಿ ಕೌ, ಎಂದರೆ ಕೊಳಕು ಹಸು, ಎಂಬ ವಿನೋದದ ಹೆಸರು ಬಿದ್ದಿತು. ಹೆಸರು ನಗೆ ತರಿಸುವಂತಿದ್ದರೂ ವಿಷಯ ನಗೆಯದಲ್ಲ. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಐವತ್ತು ಅರವತ್ತು ವರ್ಷ ಹಿಂದಕ್ಕೆ ಹೋಗಿ, ಗಣಕಯಂತ್ರದೊಳಗೆ ಕಾವಲು ಎಂಬುದೇ ಏಕೆ ಬಂದಿತು ಎಂಬುದನ್ನು ನೋಡಬೇಕು.

ಮೊದಮೊದಲು ಗಣಕಯಂತ್ರವನ್ನು ಒಂದು ಹೊತ್ತಿಗೆ ಒಬ್ಬರೇ ಬಳಸುತ್ತಿದ್ದರು. ಒಬ್ಬನ ಲೆಕ್ಕ ಮುಗಿದ ಮೇಲೆ ಇನ್ನೊಬ್ಬನ ಸರದಿ. ಒಂದೇ ಮನೆಯಲ್ಲಿ ಒಬ್ಬನೇ ಇರುವಾಗ ಒಳಕೋಣೆಗಳಿಗೆ ಬೀಗವೇಕೆ? ಯಂತ್ರ ಬಲು ದುಬಾರಿ. ಅದನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುವಂತಾಗಬೇಕು ಎಂಬ ಯೋಚನೆ ಆಮೇಲೆ ಬಂದಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಅವರೂ ಅವರ ಸಂಗಡಿಗರೂ 1961ರ ನವೆಂಬರಿನಲ್ಲಿ ಇಂಥ ಹಂಚಿಕೆಯ ವ್ಯವಸ್ಥೆಯೊಂದನ್ನು ನಡೆಸಿ ತೋರಿಸಿದರು. ಅದರ ಹೆಸರು ಸಿ.ಟಿ.ಎಸ್.ಎಸ್. ಯಂತ್ರವು ಒಬ್ಬನಿಗೆ ಒಂದು ಕ್ಷಣ, ಇನ್ನೊಬ್ಬನಿಗೆ ಮತ್ತೊಂದು ಕ್ಷಣ ದುಡಿಯುತ್ತಿತ್ತು; ಪ್ರತಿಯೊಬ್ಬನಿಗೂ ಅದು ತನ್ನೊಬ್ಬನದೇ ಎಂಬ ಭಾವನೆ. ಒಂಟಿ ಮನೆ ಈಗ ಒಟ್ಟು ಕುಟುಂಬವಾಯಿತು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟಬಾರದು ಎಂಬ ಕಟ್ಟಳೆ ಬೇಕಾಯಿತು. ಪ್ರತಿಯೊಬ್ಬರಿಗೂ ಗುಟ್ಟಿನ ಸಂಕೇತಪದವೊಂದನ್ನು, ಈಗ ನಾವೆಲ್ಲ ಪಾಸ್‌ವರ್ಡ್ ಎನ್ನುವುದನ್ನು, ಕೊಡುವ ಪದ್ಧತಿ ಗಣಕಯಂತ್ರದಲ್ಲಿ ರೂಢಿಗೆ ಬಂದದ್ದು ಅಲ್ಲಿಯೇ.

ಬೀಗ ಬಂದ ಬೆನ್ನಿಗೇ ಕಳ್ಳಗೈಯೂ ಬಂದಿತು. ಆಲನ್ ಷೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಯ ಯಂತ್ರಕಾಲ ಮಾತ್ರ ದೊರೆಯುತ್ತಿತ್ತು. ಅವನ ಕೆಲಸಕ್ಕೆ ಅದು ಸಾಲದು. ಯಾವುದೇ ಕಡತವನ್ನು ಮುದ್ರಿಸಿಕೊಡಿ ಎಂದು ರಂಧ್ರಪತ್ರದ ಮೂಲಕ ಕೇಳಿಕೊಂಡರೆ, ಕೇಳಿದವನಾರೆಂದು ವಿಚಾರಿಸದೆ ಯಂತ್ರವು ಮುದ್ರಿಸಿಕೊಡುತ್ತದೆ ಎಂಬುದನ್ನು ಅವನು ಗಮನಿಸಿದ. 1962ರ ವಸಂತದಲ್ಲಿ ಒಂದು ಶುಕ್ರವಾರ ರಾತ್ರಿ, ಎಲ್ಲರ ಸಂಕೇತಪದಗಳಿದ್ದ ಕಡತವನ್ನೇ ಮುದ್ರಿಸಲು ಕೇಳಿದ. ಶನಿವಾರ ಬೆಳಗ್ಗೆ ಹೋಗಿ ಪ್ರತಿಯನ್ನು ತೆಗೆದುಕೊಂಡು ಬಂದ. ಬಹುಕಾಲದ ಮೇಲೆ ಈ ಕಥೆಯನ್ನು ಅವನೇ ಬಾಯಿಬಿಟ್ಟು ಹೇಳಿಕೊಂಡ. ಅವನ ಉದ್ದೇಶ ಕೆಟ್ಟದ್ದಲ್ಲ. ಇನ್ನಷ್ಟು ಹೊತ್ತು ಲೆಕ್ಕ ಮಾಡಬೇಕೆಂಬ ಹಸಿವು ಅಷ್ಟೆ. ಆದರೆ ಮುಂಬಾಗಿಲಿಗೆ ಕಾವಲಿಟ್ಟು ಹಿತ್ತಲ ಬಾಗಿಲನ್ನು ಮರೆತರೆ ಏನಾಗುತ್ತದೆಂಬುದು ಅಂದೇ ತಿಳಿಯಿತು.

ಅದೇ ದಶಕದಲ್ಲಿ ಅದೇ ವ್ಯವಸ್ಥೆಯಲ್ಲಿ ನಡೆದ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು. ವ್ಯವಸ್ಥೆಯನ್ನು ನೋಡಿಕೊಳ್ಳುವವರಲ್ಲಿ ಒಬ್ಬರು ಸಂಕೇತಪದಗಳ ಕಡತವನ್ನು ತಿದ್ದುತ್ತಿದ್ದರು. ಅದೇ ಹೊತ್ತಿನಲ್ಲಿ ಮತ್ತೊಬ್ಬರು, ಬಳಕೆದಾರರು ಒಳಬಂದಾಗ ಎಲ್ಲರಿಗೂ ಕಾಣಿಸುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು. ತಿದ್ದುವ ಸಾಧನವು ಕೆಲಸ ನಡೆಯುವಾಗ ಒಂದು ತಾತ್ಕಾಲಿಕ ಪ್ರತಿಯನ್ನು ಇಟ್ಟುಕೊಳ್ಳುತ್ತಿತ್ತು. ಆ ಪ್ರತಿಗೆ ಯಾವಾಗಲೂ ಒಂದೇ ಹೆಸರು. ಒಂದು ಕೋಣೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ಮಾಡಿದ ಏರ್ಪಾಡು ಅದು. ಆಮೇಲೆ ಅನುಕೂಲಕ್ಕೆಂದು, ವ್ಯವಸ್ಥೆಯನ್ನು ನೋಡಿಕೊಳ್ಳುವವರು ಹಲವರು ಒಂದೇ ಕೋಣೆಯಲ್ಲಿ ಕೆಲಸ ಮಾಡಬಹುದೆಂದು ಗೊತ್ತುಮಾಡಿದರು. ಹಳೆಯ ನಂಬಿಕೆಯನ್ನು ಮಾತ್ರ ಯಾರೂ ನೆನೆಯಲಿಲ್ಲ. ಎರಡು ಪ್ರತಿಗಳು ಅದಲುಬದಲಾದವು. ಅಂದು ಒಳಬಂದವರಿಗೆಲ್ಲ ದಿನದ ಪ್ರಕಟಣೆಯ ಬದಲು ಸಮಸ್ತರ ಸಂಕೇತಪದಗಳೂ ಅಚ್ಚಾಗಿ ಬಂದವು!

ಇಲ್ಲಿ ಕಳ್ಳನಿಲ್ಲ, ಕೆಟ್ಟ ಉದ್ದೇಶವಿಲ್ಲ. ಒಂಟಿಯಾಗಿದ್ದಾಗ ಸರಿಯಾಗಿದ್ದ ಎರಡು ಕೆಲಸಗಳು ಜೊತೆಯಲ್ಲಿ ನಡೆದಾಗ ತಪ್ಪಾದವು, ಅಷ್ಟೆ. ಈ ಬಗೆಯ ತಪ್ಪಿಗೆ ಗಣಕಶಾಸ್ತ್ರದವರು ಪೈಪೋಟಿಯ ದೋಷ ಎಂಬರ್ಥದ ಹೆಸರನ್ನು ಕೊಟ್ಟಿದ್ದಾರೆ. ಅದರಲ್ಲಿಯೂ ಒಂದು ವಿಶೇಷ ಜಾತಿ ಉಂಟು. ಕಾವಲುಗಾರನು ಮೊದಲು ಪರೀಕ್ಷೆ ಮಾಡುತ್ತಾನೆ, ಆಮೇಲೆ ಕೆಲಸಕ್ಕೆ ಬಿಡುತ್ತಾನೆ. ಪರೀಕ್ಷೆಗೂ ಕೆಲಸಕ್ಕೂ ನಡುವೆ ಒಂದು ಸಣ್ಣ ಸಂದು. ಆ ಸಂದಿನಲ್ಲಿ ಯಾರಾದರೂ ವಸ್ತುವನ್ನು ಬದಲಾಯಿಸಿಬಿಟ್ಟರೆ ಪರೀಕ್ಷೆ ಮಾಡಿದ್ದು ಒಂದು, ಕೆಲಸ ನಡೆದದ್ದು ಇನ್ನೊಂದರ ಮೇಲೆ ಎಂದಾಗುತ್ತದೆ. ಮೆಕ್‌ಫೀ ಎಂಬುವರು 1974ರಲ್ಲಿಯೇ ಐ.ಬಿ.ಎಂ. ಸಂಸ್ಥೆಯ ವಿದ್ವತ್ಪತ್ರಿಕೆಯಲ್ಲಿ ಈ ಸಂದಿನ ವಿಷಯವನ್ನು ವಿವರಿಸಿ ಬರೆದರು. ಆದ್ದರಿಂದ ಮುಂದೆ ಹೇಳುವ ದೋಷವು ಯಾರೂ ಕಂಡರಿಯದ ಹೊಸ ರೋಗವಲ್ಲ. ಹೆಸರಿಟ್ಟು, ಲಕ್ಷಣ ಬರೆದಿಟ್ಟಿದ್ದ ಹಳೆಯ ರೋಗವೇ.

ಸಿ.ಟಿ.ಎಸ್.ಎಸ್. ಬಳಿಕ 1965ರ ಸುಮಾರಿಗೆ ಮಲ್ಟಿಕ್ಸ್ ಎಂಬ ಮಹತ್ವಾಕಾಂಕ್ಷೆಯ ವ್ಯವಸ್ಥೆಯನ್ನು ಕಟ್ಟಲು ಆರಂಭಿಸಿದರು. ಅದರಲ್ಲಿ ಅಧಿಕಾರವನ್ನು ಒಂದರೊಳಗೊಂದು ಸುತ್ತುಕೋಟೆಗಳಂತೆ ಏರ್ಪಡಿಸಿದ್ದರು. ಹೊರಸುತ್ತಿನವನು ಒಳಸುತ್ತಿಗೆ ಹೋಗಬೇಕಾದರೆ ಗೊತ್ತಾದ ಬಾಗಿಲಿನಿಂದಲೇ ಹೋಗಬೇಕು. ಈ ಯೋಜನೆಯಲ್ಲಿ ಪಾಲುಗೊಂಡಿದ್ದ ಬೆಲ್ ಪ್ರಯೋಗಾಲಯದವರು 1969ರಲ್ಲಿ ಅದರಿಂದ ಹೊರಬಂದರು. ಅಲ್ಲಿನ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಅದೇ ವರ್ಷ ಸಣ್ಣ ಯಂತ್ರವೊಂದರ ಮೇಲೆ ಸರಳವಾದ ಯೂನಿಕ್ಸ್ ವ್ಯವಸ್ಥೆಗೆ ತಳಹದಿ ಹಾಕಿದರು. ಯೂನಿಕ್ಸಿನಲ್ಲಿ ಸುತ್ತುಗಳ ಗೊಂದಲವಿಲ್ಲ. ಜನರಲ್ಲಿ ಎರಡೇ ವರ್ಗ: ಸಾಮಾನ್ಯ ಬಳಕೆದಾರರೆಲ್ಲ ಒಂದು ಕಡೆ, ರೂಟ್ ಎಂಬ ಸರ್ವಾಧಿಕಾರಿ ಇನ್ನೊಂದು ಕಡೆ. ರೂಟ್ ಆದವನು ಯಾವ ಕಡತವನ್ನಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. ಅವನನ್ನು ಕೇಳುವವರಿಲ್ಲ.

ಆದರೆ ಸಾಮಾನ್ಯನಿಗೂ ಒಮ್ಮೊಮ್ಮೆ ದೊಡ್ಡ ಅಧಿಕಾರದ ಚೂರು ಬೇಕಾಗುತ್ತದೆ. ತನ್ನ ಸಂಕೇತಪದವನ್ನು ತಾನೇ ಬದಲಾಯಿಸಿಕೊಳ್ಳಬೇಕೆಂದಿಟ್ಟುಕೊಳ್ಳಿ. ಅದು ಇರುವ ಕಡತವನ್ನು ರೂಟ್ ಒಬ್ಬನೇ ತಿದ್ದಬಹುದು. ರಿಚಿ ಅವರು ಇದಕ್ಕೊಂದು ಜಾಣ ಉಪಾಯ ಕಂಡುಹಿಡಿದರು. ಖಜಾನೆಯೊಳಕ್ಕೆ ನಾವು ಹೋಗುವಂತಿಲ್ಲ. ಆದರೆ ಖಜಾಂಚಿಯು ನಮ್ಮ ಚೀಟಿಯನ್ನು ನೋಡಿ, ನಮ್ಮ ಪರವಾಗಿ ಒಳಗೆ ಹೋಗಿ, ನಮ್ಮ ಹಣವನ್ನು ಮಾತ್ರ ತಂದುಕೊಡುತ್ತಾನಷ್ಟೆ. ಹಾಗೆಯೇ ಗೊತ್ತಾದ ಕೆಲವು ಕ್ರಮವಿಧಿಗಳು, ಯಾರು ನಡೆಸಿದರೂ ತಮ್ಮ ಒಡೆಯನ ಅಧಿಕಾರದಲ್ಲಿಯೇ ನಡೆಯುವಂತೆ ಅವರು ಏರ್ಪಡಿಸಿದರು. ಇದಕ್ಕೆ ಅಮೆರಿಕದಲ್ಲಿ 1979ರಲ್ಲಿ ಪೇಟೆಂಟ್ ಕೂಡ ದೊರೆಯಿತು. ಉಪಾಯ ಒಳ್ಳೆಯದೇ. ಆದರೆ ಖಜಾಂಚಿಯ ಬುದ್ಧಿಯನ್ನು ಕೆಡಿಸಿದರೆ ಖಜಾನೆಯೇ ಕೈಗೆ ಬಂದಂತೆ ಎಂಬ ಮಾತನ್ನೂ ಅದರ ಜೊತೆಯಲ್ಲಿಯೇ ನೆನಪಿಡಬೇಕು. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಅದಕ್ಕಿಂತ ಒಂದು ಎಳೆಯೂ ಹೆಚ್ಚಿರಕೂಡದು ಎಂಬ ಸೂತ್ರವನ್ನು ಹೇಳಿದ್ದುಂಟು.

ಯೂನಿಕ್ಸಿನ ಈ ನಡೆನುಡಿಯನ್ನೇ ಅನುಸರಿಸಿ, ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸನ್ನು ಆರಂಭಿಸಿದರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಲೋಕದ ನಾನಾ ಭಾಗಗಳ ಸಾವಿರಾರು ಜನ ಕೈಗೂಡಿಸಿ ಅದನ್ನು ಬೆಳೆಸಿದರು. ಅಂತರ್ಜಾಲದ ದೊಡ್ಡ ದೊಡ್ಡ ಯಂತ್ರಗಳಿಂದ ಹಿಡಿದು ಆಂಡ್ರಾಯ್ಡ್ ದೂರವಾಣಿಯವರೆಗೆ ಇಂದು ಅದು ಹಬ್ಬಿದೆ. ಕೇಳುಗರಲ್ಲಿ ಹಲವರ ಜೇಬಿನಲ್ಲಿಯೇ ಅದು ಈ ಕ್ಷಣದಲ್ಲಿ ಕೆಲಸ ಮಾಡುತ್ತಿರಬಹುದು.

ಇನ್ನು ದೋಷದ ವಿಷಯಕ್ಕೆ ಬರೋಣ. ಯಂತ್ರದ ಸ್ಮೃತಿ ಅಮೂಲ್ಯವಾದದ್ದು. ಒಂದೇ ಕಡತವನ್ನು ನೂರು ಜನ ಓದಬೇಕಾದರೆ ನೂರು ಪ್ರತಿ ಮಾಡುವುದು ದಂಡ. ಅದಕ್ಕಾಗಿ ಒಂದು ಮಿತವ್ಯಯದ ಉಪಾಯವಿದೆ. ತಾಲ್ಲೂಕು ಕಚೇರಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ಜಮೀನಿನ ಒಂದು ಮೂಲ ದಫ್ತರ ಇದೆ. ಯಾರು ಬೇಕಾದರೂ ಓದಬಹುದು, ಬರೆಯುವಂತಿಲ್ಲ. ಓದುವವರಿಗೆಲ್ಲ ಆ ಒಂದೇ ದಫ್ತರವನ್ನು ತೋರಿಸುತ್ತಾರೆ. ಓದುಗನೊಬ್ಬ, 'ನನಗೆ ಇದರ ಮೇಲೆ ನನ್ನ ಸ್ವಂತ ಗುರುತು ಹಾಕಿಕೊಳ್ಳಬೇಕು' ಎಂದರೆ, ಗುಮಾಸ್ತನು ಆ ಹಾಳೆಯ ನಕಲನ್ನು ತೆಗೆದು, ನಕಲಿನ ಮೇಲೆ ಬರೆದುಕೊಡುತ್ತಾನೆ. ಅವನು ನಕಲಿನ ಮೇಲೆ ಏನು ಗೀಚಿದರೇನು? ಮೂಲಕ್ಕೆ ಧಕ್ಕೆಯಿಲ್ಲ. ಬರೆಯುವಾಗ ಮಾತ್ರ ನಕಲು ಮಾಡುವ ಈ ಪದ್ಧತಿಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿದರೆ ಕೌ ಎಂದಾಗುತ್ತದೆ. ಬರೆಯಲಾದ ಹಾಳೆಗೆ ಪರಿಭಾಷೆಯಲ್ಲಿ ಡರ್ಟಿ ಎಂದು ಹೆಸರು. ಕೊಳಕು ಹಸುವಿನ ನಾಮಕರಣದ ಮೂಲ ಇದೇ.

ಗುಮಾಸ್ತನ ಕೆಲಸ ಹಂತಹಂತವಾಗಿ ನಡೆಯುತ್ತದೆ. ಅವನ ಕೈಯಲ್ಲಿ 'ಬರೆಯಬೇಕು' ಎಂಬ ಚೀಟಿ ಇದೆ. ಹಾಳೆಯನ್ನು ನೋಡುತ್ತಾನೆ: ಇದು ಮೂಲ, ಬರೆಯುವಂತಿಲ್ಲ. ಹೋಗಿ ನಕಲು ಮಾಡಿ ತಂದಿಡುತ್ತಾನೆ. ನಕಲಾಯಿತಲ್ಲ, ಇನ್ನು ಅಪ್ಪಣೆಯ ಪ್ರಶ್ನೆ ಏಳುವುದಿಲ್ಲ ಎಂದುಕೊಂಡು 'ಬರೆಯಬೇಕು' ಎಂಬ ಚೀಟಿಯನ್ನು ಹರಿದುಹಾಕುತ್ತಾನೆ. ಬಳಿಕ ಲೇಖನಿ ಹಿಡಿದು ಮತ್ತೊಮ್ಮೆ ಮೇಜಿಗೆ ಬಂದು, ಅಲ್ಲಿರುವ ಹಾಳೆಯ ಮೇಲೆ ಬರೆಯುತ್ತಾನೆ. ಒಬ್ಬನೇ ಓದುಗನಿದ್ದಾಗ ಇದರಲ್ಲಿ ಯಾವ ತೊಡಕೂ ಇಲ್ಲ.

ಈಗ ಕಿಡಿಗೇಡಿಯೊಬ್ಬ ಜೊತೆಗಾರನೊಡನೆ ಬಂದನೆನ್ನಿ. ಒಬ್ಬನು 'ಬರೆದುಕೊಡಿ, ಬರೆದುಕೊಡಿ' ಎಂದು ಬಿಡದೆ ಕೇಳುತ್ತಿರುತ್ತಾನೆ. ಇನ್ನೊಬ್ಬನು 'ಆ ನಕಲು ನಮಗೆ ಬೇಡ, ತೆಗೆದುಹಾಕಿ' ಎಂದು ಬಿಡದೆ ಹೇಳುತ್ತಿರುತ್ತಾನೆ. ತಮ್ಮ ನಕಲನ್ನು ಬೇಡವೆನ್ನುವುದಕ್ಕೆ ಅವರಿಗೆ ಹಕ್ಕೂ ಇದೆ. ಸಾವಿರ ಸಲ, ಲಕ್ಷ ಸಲ ಹೀಗೆ ನಡೆಯುವಾಗ, ಒಂದು ಸಲ ಗುಮಾಸ್ತನು ಚೀಟಿ ಹರಿದು ಲೇಖನಿ ಎತ್ತಿಕೊಳ್ಳುವ ನಡುವೆ ನಕಲು ಮಾಯವಾಗುತ್ತದೆ. ಅವನು ಮೇಜಿಗೆ ಬಂದಾಗ ಹಾಳೆ ಇಲ್ಲ. ಕೈಯಲ್ಲಿ ಚೀಟಿಯೂ ಇಲ್ಲ. ಆದ್ದರಿಂದ ಓದುವುದಕ್ಕೆ ಬೇಕಾದ ಹಾಳೆ ಎಂದೇ ತಿಳಿದು ಮೂಲ ದಫ್ತರವನ್ನು ತಂದು ಮೇಜಿನ ಮೇಲಿಡುತ್ತಾನೆ. ಲೇಖನಿ ಸಿದ್ಧವಾಗಿದೆ. ಬರೆದೇಬಿಡುತ್ತಾನೆ, ಮೂಲದ ಮೇಲೆ!

ಪ್ರತಿಯೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ನೋಡಿದರೆ ಗುಮಾಸ್ತನ ತಪ್ಪು ಕಾಣುವುದಿಲ್ಲ. ಪರೀಕ್ಷೆ ಮಾಡಿದ್ದಾನೆ, ನಕಲು ತೆಗೆದಿದ್ದಾನೆ, ನಿಯಮದಂತೆ ನಡೆದಿದ್ದಾನೆ. ಆದರೂ ಓದಲು ಮಾತ್ರ ಅಪ್ಪಣೆಯಿದ್ದವನು ಬರೆದಂತಾಯಿತು. ಬರೆದದ್ದು ಎಲ್ಲಿ ಎಂಬುದು ಮುಖ್ಯ. ಖಜಾಂಚಿಯಂತೆ ಒಡೆಯನ ಅಧಿಕಾರದಲ್ಲಿ ನಡೆಯುವ ಕ್ರಮವಿಧಿಗಳೂ ಕಡತಗಳೇ. ಎಲ್ಲರೂ ಓದಬಹುದಾದ ಕಡತಗಳು. ಅವುಗಳಲ್ಲೊಂದರ ಮೇಲೆ ತನಗೆ ಬೇಕಾದ ಆಜ್ಞೆಯನ್ನು ಬರೆದುಬಿಟ್ಟರೆ, ಆಮೇಲೆ ಅದನ್ನು ನಡೆಸಿದ ಕೂಡಲೇ ಸಾಮಾನ್ಯನು ರೂಟ್ ಆಗುತ್ತಾನೆ. ಇದೆಲ್ಲ ನಡೆಯುವುದು ಕೆಲವು ಸೆಕೆಂಡುಗಳಲ್ಲಿ. ನಿಯಮ ಮುರಿದ ಗುರುತು ದಿನಚರಿಯಲ್ಲಿ ಬೀಳುವುದೂ ಇಲ್ಲ. ಏಕೆಂದರೆ ಗುಮಾಸ್ತನ ಲೆಕ್ಕದಲ್ಲಿ ನಿಯಮ ಮುರಿಯಲೇ ಇಲ್ಲ.

ಇಷ್ಟು ದೊಡ್ಡ ದೋಷ ಯಾರ ಕಣ್ಣಿಗೂ ಬೀಳಲಿಲ್ಲವೆ? ಬಿದ್ದಿತ್ತು. ಇತಿಹಾಸದ ದೃಷ್ಟಿಯಿಂದ ಸ್ವಾರಸ್ಯವಿರುವುದು ಇಲ್ಲಿಯೇ. 2005ರ ಆಗಸ್ಟಿನಲ್ಲಿ ಟೊರ್ವಾಲ್ಡ್ಸ್ ಅವರೇ ಈ ಸಂದನ್ನು ಕಂಡು, ಮುಚ್ಚಲು ಒಂದು ತಿದ್ದುಪಡಿಯನ್ನು ಸೇರಿಸಿದ್ದರು. ಹಾಳೆ ನಿಜವಾಗಿಯೂ ಬರೆಯಲಾದ ಹಾಳೆಯೇ ಎಂಬ ಗುರುತನ್ನು ನೋಡಿ ಮುಂದುವರಿಯಬೇಕೆಂಬುದು ಅದರ ಸಾರ. ಆದರೆ ಐ.ಬಿ.ಎಂ. ಸಂಸ್ಥೆಯ ಎಸ್-390 ಎಂಬ ಮಹಾಗಣಕದಲ್ಲಿ ಆ ಗುರುತನ್ನು ಇಡುವ ಸ್ಥಳವೇ ಬೇರೆ. ಉಳಿದ ಕಚೇರಿಗಳಲ್ಲಿ ಗುರುತು ಸೂಚಿಪಟ್ಟಿಯಲ್ಲಿದ್ದರೆ, ಇಲ್ಲಿ ಅದು ಹಾಳೆಗೇ ಅಂಟಿಕೊಂಡಿರುತ್ತಿತ್ತು. ಪಟ್ಟಿಯನ್ನು ನೋಡುವ ಗುಮಾಸ್ತನಿಗೆ ಅಲ್ಲಿ ಗುರುತು ಎಂದಿಗೂ ಕಾಣುವಂತಿರಲಿಲ್ಲ. ಒಂದು ಜಾತಿಯ ಯಂತ್ರಕ್ಕೆ ತೊಂದರೆಯಾಯಿತೆಂದು, ಕೆಲವೇ ದಿನಗಳಲ್ಲಿ ಆ ತಿದ್ದುಪಡಿಯನ್ನು ಹಿಂತೆಗೆದು ಬೇರೆ ಏರ್ಪಾಡು ಮಾಡಿದರು.

ಅಂದಿನವರನ್ನು ಇಂದು ಕುಳಿತು ದೂಷಿಸುವುದು ಸುಲಭ, ನ್ಯಾಯವಲ್ಲ. ಆ ಕಾಲದ ಯಂತ್ರಗಳಲ್ಲಿ ಅಷ್ಟು ಸಣ್ಣ ಸಂದಿನಲ್ಲಿ ಕೈ ತೂರಿಸುವುದು ಕಾಗದದ ಮೇಲೆ ಮಾತ್ರ ಸಾಧ್ಯ ಎಂಬಂತಿತ್ತು. ಆದರೆ ಯಂತ್ರಗಳು ಹಾಗೆಯೇ ನಿಲ್ಲಲಿಲ್ಲ. ಒಂದು ಯಂತ್ರದೊಳಗೆ ಎರಡು, ನಾಲ್ಕು, ಎಂಟು ಸಂಸ್ಕಾರಕಗಳು ಬಂದವು. ಸ್ಮೃತಿಯ ನಿರ್ವಹಣೆಯಲ್ಲಿಯೂ ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯುವಂತಾಯಿತು. ಒಬ್ಬ ಗುಮಾಸ್ತನಿದ್ದ ಕಚೇರಿಯಲ್ಲಿ ಎಂಟು ಮಂದಿ ಓಡಾಡತೊಡಗಿದರು. ಸಂದು ಅಷ್ಟೇ ಇದ್ದರೂ ಅದರಲ್ಲಿ ಎಡವುವ ಸಂಭವ ಹೆಚ್ಚಾಯಿತು. 2007ರಲ್ಲಿ ಹೊರಬಂದ 2.6.22ನೆಯ ಆವೃತ್ತಿಯಿಂದ ಮುಂದೆ ಈ ದೋಷವನ್ನು ನಿಜವಾಗಿಯೂ ದುರುಪಯೋಗಪಡಿಸಬಹುದಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಇನ್ನೂ ಒಂದು ಮಾತಿದೆ. ಎಸ್-390ರ ತೊಡಕೇ 2013ರಲ್ಲಿ ಪರಿಹಾರವಾಯಿತು. ಆ ವರ್ಷದ 3.9ನೆಯ ಆವೃತ್ತಿಯಲ್ಲಿ ಆ ಯಂತ್ರಕ್ಕೂ ಗುರುತನ್ನು ಪಟ್ಟಿಯಲ್ಲಿಯೇ ಇಡುವ ಏರ್ಪಾಡು ಬಂದಿತು. ಯಾವ ಕಾರಣದಿಂದ ಬಾಗಿಲು ತೆರೆದಿಟ್ಟಿದ್ದರೋ ಆ ಕಾರಣವೇ ಇಲ್ಲವಾಯಿತು. ಆದರೆ 'ಇನ್ನು ಆ ಬಾಗಿಲನ್ನು ಹಾಕಬಹುದು' ಎಂದು ನೆನಪಿಸುವವರಾರೂ ಇರಲಿಲ್ಲ. ಸಿ.ಟಿ.ಎಸ್.ಎಸ್. ಕಾಲದ ಆ ತಿದ್ದುವ ಸಾಧನದ ಕಥೆಯೇ ಇದು. ಸಂದರ್ಭ ಬದಲಾಯಿತು, ಹಳೆಯ ತೀರ್ಮಾನ ಮಾತ್ರ ತಾನು ಯಾವ ನಂಬಿಕೆಯ ಮೇಲೆ ನಿಂತಿದ್ದೆನೆಂದು ಹೇಳದೆ ಅಲ್ಲಿಯೇ ಕುಳಿತಿತ್ತು.

ದೋಷ ಬಯಲಾದದ್ದು ಒಬ್ಬನ ಶ್ರದ್ಧೆಯಿಂದ. ಫಿಲ್ ಓಸ್ಟರ್ ಎಂಬ ತಂತ್ರಜ್ಞರಿಗೆ, ತಾವು ನೋಡಿಕೊಳ್ಳುವ ಯಂತ್ರಗಳಿಗೆ ಹೊರಗಿನಿಂದ ಬರುವ ಜಾಲಸಂಚಾರವನ್ನೆಲ್ಲ ದಾಖಲು ಮಾಡಿಡುವ ಅಭ್ಯಾಸ ಹಲವು ವರ್ಷಗಳಿಂದ ಇತ್ತು. 2016ರಲ್ಲಿ ಒಂದು ಯಂತ್ರಕ್ಕೆ ಯಾರೋ ಕನ್ನ ಹಾಕಿದಾಗ ಅವರು ಆ ದಾಖಲೆಯನ್ನು ಬಿಚ್ಚಿ ನೋಡಿದರು. ಕಳ್ಳನು ತಂದ ಉಪಕರಣವೇ ಅದರಲ್ಲಿ ಸಿಕ್ಕಿತು. ಅದನ್ನು ಪರೀಕ್ಷಿಸಿದಾಗ, ಸಾಮಾನ್ಯ ಬಳಕೆದಾರನು ಕ್ಷಣಮಾತ್ರದಲ್ಲಿ ರೂಟ್ ಆಗುವುದನ್ನು ಕಂಡರು. ದೋಷವನ್ನು ತಿದ್ದುವವರಿಗಿಂತ ಮೊದಲೇ ದೋಷವನ್ನು ಬಳಸುವವರಿಗೆ ಅದು ಗೊತ್ತಿತ್ತು ಎಂದಾಯಿತು. ಕಾಗದದ ಮೇಲಿನ ಅಪಾಯವೆಂದು ಹನ್ನೊಂದು ವರ್ಷ ಬದಿಗಿಟ್ಟದ್ದು ಎಂದೋ ನೆಲಕ್ಕಿಳಿದು ಓಡಾಡುತ್ತಿತ್ತು.

ಅವರು ಸುದ್ದಿ ಮುಟ್ಟಿಸಿದ ಮೇಲೆ ಕೆಲಸ ಬೇಗ ನಡೆಯಿತು. 2016ರ ಅಕ್ಟೋಬರ್ 20ರ ಹೊತ್ತಿಗೆ ತಿದ್ದಿದ ಆವೃತ್ತಿಗಳು ಹೊರಬಂದವು. ತಿದ್ದುಪಡಿ ಹತ್ತಾರು ಸಾಲಿನದು ಅಷ್ಟೆ. ನಮ್ಮ ಉಪಮಾನದಲ್ಲಿ ಹೇಳುವುದಾದರೆ, ಗುಮಾಸ್ತನು 'ಬರೆಯಬೇಕು' ಎಂಬ ಚೀಟಿಯನ್ನು ಇನ್ನು ಹರಿಯಕೂಡದು. ಅದನ್ನು ಕೈಯಲ್ಲಿಟ್ಟುಕೊಂಡೇ 'ನಕಲಾಗಿದೆ' ಎಂಬ ಎರಡನೆಯ ಚೀಟಿಯನ್ನು ಸೇರಿಸಿಕೊಳ್ಳಬೇಕು; ಮೇಜಿಗೆ ಬಂದಾಗಲೆಲ್ಲ ಮುಂದಿರುವ ಹಾಳೆಗೆ ನಕಲಿನ ಗುರುತು ಇದೆಯೇ ಎಂದು ನೋಡಿಯೇ ಬರೆಯಬೇಕು. ತಿದ್ದುಪಡಿಯ ಜೊತೆಗೆ ಬರೆದ ಟಿಪ್ಪಣಿಯಲ್ಲಿ ಟೊರ್ವಾಲ್ಡ್ಸ್ ಅವರು, ಇದು ಬಹು ಹಳೆಯ ದೋಷ, ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಯಾಗಿ ಅಲ್ಲದೆ ತಿದ್ದಲು ಹೋಗಿದ್ದುದು ಹೌದು ಎಂದು ಮರೆಮಾಚದೆ ಒಪ್ಪಿಕೊಂಡರು. ಇಷ್ಟನ್ನು ಇಂದು ನಾವು ತಿಳಿಯಲು ಸಾಧ್ಯವಾದದ್ದು ಆ ಟಿಪ್ಪಣಿಯಿಂದಲೇ. ತಪ್ಪನ್ನು ಬರೆದಿಡುವವರು ಇತಿಹಾಸಕಾರನಿಗೆ ಮಾತ್ರವಲ್ಲ, ಮುಂದಿನ ಕೆಲಸಗಾರನಿಗೂ ಉಪಕಾರ ಮಾಡುತ್ತಾರೆ.

ಆದರೆ ಔಷಧ ಸಿದ್ಧವಾದ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ. ಕಾರ್ಯವ್ಯವಸ್ಥೆಯ ತಿರುಳನ್ನೇ ಬದಲಾಯಿಸಬೇಕಾದದ್ದರಿಂದ ಸಾಮಾನ್ಯವಾಗಿ ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಹಗಲಿರುಳು ನಡೆಯುವ ಯಂತ್ರವನ್ನು ನಿಲ್ಲಿಸಲು ಯಾವ ಕಚೇರಿಗೂ ಮನಸ್ಸು ಬರುವುದಿಲ್ಲ. ಹಾಗೆ ನಿಲ್ಲಿಸಲಾರದವರಿಗಾಗಿ ಕೆಲವು ತತ್ಕಾಲದ ಉಪಾಯಗಳನ್ನು ಸೂಚಿಸಿದರು. ನಕಲನ್ನು ಬೇಡವೆಂದು ಹೇಳುವ ಆ ಮಾರ್ಗವನ್ನೇ ತಡೆದುಬಿಡುವುದು ಅವುಗಳಲ್ಲೊಂದು. ನಡೆಯುತ್ತಿರುವ ತಿರುಳಿಗೇ ತೇಪೆ ಹಾಕುವ ವಿಧಾನವನ್ನೂ ಕೆಲವರು ಬಳಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ದೂರವಾಣಿಗಳ ವಿಷಯ. ಗೂಗಲ್ ಸಂಸ್ಥೆಯು ಆಂಡ್ರಾಯ್ಡಿಗೆ ಬೇಕಾದ ತಿದ್ದುಪಡಿಯನ್ನು 2016ರ ಡಿಸೆಂಬರಿನ ಪ್ರಕಟಣೆಯಲ್ಲಿ ಸೇರಿಸಿತು. ಆದರೆ ಅದು ಜನರ ಕೈಗೆ ಮುಟ್ಟಬೇಕಾದರೆ ದೂರವಾಣಿಯನ್ನು ತಯಾರಿಸಿದವರು ಮನಸ್ಸು ಮಾಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹಳೆಯ ಮಾದರಿಗಳಿಗೆ ಅನೇಕ ವೇಳೆ ತಿದ್ದುಪಡಿ ಬರುವುದೇ ಇಲ್ಲ. 2017ರ ಸೆಪ್ಟೆಂಬರಿನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆಯವರು, ಇದೇ ಕೊಳಕು ಹಸುವನ್ನು ಬಳಸುವ ಜ್ನಿಯು ಎಂಬ ದುಷ್ಟ ತಂತ್ರಾಂಶವನ್ನು ಕಂಡುಹಿಡಿದರು. ಆಟ ಮೊದಲಾದವುಗಳ ವೇಷ ತೊಟ್ಟ 1200ಕ್ಕೂ ಹೆಚ್ಚು ಕ್ರಮವಿಧಿಗಳಲ್ಲಿ ಅದು ಅಡಗಿತ್ತು. ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅದರ ಸುಳಿವು ಸಿಕ್ಕಿದರೂ, ಅದಕ್ಕೆ ಸಿಲುಕಿದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಔಷಧ ಸಿದ್ಧವಾಗಿ ಹತ್ತಿರ ಹತ್ತಿರ ವರ್ಷವಾಗಿತ್ತು. ಎಲ್ಲೋ ದೂರದ ಮಹಾಗಣಕಕ್ಕೆ ಆದ ತೊಡಕಿನಿಂದ ತೆರೆದುಳಿದ ಬಾಗಿಲು, ಹನ್ನೆರಡು ವರ್ಷಗಳ ಬಳಿಕ ನಮ್ಮ ದೇಶದ ಜನರ ಜೇಬಿಗೆ ಕಳ್ಳನನ್ನು ಬಿಟ್ಟಿತು.

ಕಥೆ ಇಲ್ಲಿಗೂ ಮುಗಿಯಲಿಲ್ಲ. 2017ರ ನವೆಂಬರಿನಲ್ಲಿ, ಮಾಡಿದ ತಿದ್ದುಪಡಿಯು ಮಾಮೂಲಿ ಹಾಳೆಗಳಿಗೆ ಸರಿಯಾದರೂ ದೊಡ್ಡ ಗಾತ್ರದ ಹಾಳೆಗಳ ವಿಷಯದಲ್ಲಿ ಪೂರ್ಣವಲ್ಲ ಎಂದು ತಿಳಿದು, ಅದನ್ನೂ ತಿದ್ದಬೇಕಾಯಿತು. 2022ರ ಮಾರ್ಚಿನಲ್ಲಿ ಮ್ಯಾಕ್ಸ್ ಕೆಲ್ಲರ್ಮನ್ ಎಂಬುವರು ಲಿನಕ್ಸಿನ ಇನ್ನೊಂದು ಕಡೆ, ಓದಲು ಮಾತ್ರ ಇರುವ ಕಡತದ ಮೇಲೆ ಬರೆಯಬಹುದಾದ ಮತ್ತೊಂದು ದೋಷವನ್ನು ಪ್ರಕಟಿಸಿದರು. ಗಿರಾಕಿಯೊಬ್ಬರ ದಿನಚರಿ ಕಡತಗಳು ಏಕೋ ಕೆಟ್ಟುಹೋಗುತ್ತಿವೆ ಎಂಬ ಸಣ್ಣ ದೂರಿನ ಜಾಡು ಹಿಡಿದು ಅವರು ಅದರ ಬುಡ ಮುಟ್ಟಿದ್ದರು. ಇದು ಹಳೆಯದರ ಮರುಕಳಿಕೆಯಲ್ಲ. ಆದರೆ ಫಲ ಒಂದೇ.

ಹಾಗಾದರೆ ಮಾಡತಕ್ಕದ್ದೇನು? ಯಾವ ವ್ಯವಸ್ಥೆಯನ್ನೂ ದೋಷವಿಲ್ಲದಂತೆ ಕಟ್ಟಲಾಗದು ಎಂಬುದನ್ನು ಮೊದಲು ಒಪ್ಪಬೇಕು. ಆಮೇಲೆ, 1975ರ ಆ ಸೂತ್ರದಂತೆ, ಅಧಿಕಾರವನ್ನು ಚೂರು ಮಾಡಿ ಹಂಚಬೇಕು. ಒಬ್ಬ ಖಜಾಂಚಿಯನ್ನು ಕೆಡಿಸಿದರೆ ಒಂದು ಪೆಟ್ಟಿಗೆ ಮಾತ್ರ ಹೋಗುವಂತಿರಬೇಕು, ಇಡೀ ಖಜಾನೆಯಲ್ಲ. ಇತ್ತೀಚಿನ ವ್ಯವಸ್ಥೆಗಳಲ್ಲಿ ರೂಟ್‌ನ ಅಧಿಕಾರವನ್ನು ಬಿಡಿಬಿಡಿಯಾಗಿ ಕೊಡುವ, ಒಂದು ಕ್ರಮವಿಧಿ ಏನನ್ನು ಕೇಳಬಹುದು ಎಂಬುದಕ್ಕೇ ಮಿತಿ ಹಾಕುವ ಏರ್ಪಾಡುಗಳು ಬಂದಿರುವುದು ಇದೇ ಕಾರಣದಿಂದ. ತಿದ್ದುಪಡಿ ಬಂದ ದಿನವೇ ಅದನ್ನು ಹಾಕಿಕೊಳ್ಳುವುದು ಇವೆಲ್ಲಕ್ಕೂ ಮಿಗಿಲು. ದೂರವಾಣಿಯಲ್ಲಿ 'ಹೊಸ ಆವೃತ್ತಿ ಬಂದಿದೆ' ಎಂಬ ಸೂಚನೆ ಕಂಡಾಗ 'ನಾಳೆ ನೋಡೋಣ' ಎಂದು ಒತ್ತುವ ನಾವೂ ಆ ಗುಮಾಸ್ತನ ಹಾಗೆ ಒಂದು ಸಂದನ್ನು ತೆರೆದಿಡುತ್ತಿದ್ದೇವೆ. ಎಲ್ಲೆಲ್ಲಿಂದಲೋ ಬಂದ ಆಟಗಳನ್ನು ಹಾಕಿಕೊಳ್ಳುವವರು ಕಳ್ಳನನ್ನು ಅಂಗಳಕ್ಕೆ ತಾವೇ ಕರೆದಂತೆ.

ಈ ಇತಿಹಾಸದಲ್ಲಿ ಸಂದುಗಳು ಎರಡು. ಪರೀಕ್ಷೆಗೂ ಬರವಣಿಗೆಗೂ ನಡುವಣದು ಒಂದು. ಅದು ಕಣ್ಣು ಮಿಟುಕಿಸುವ ಹೊತ್ತಿಗಿಂತಲೂ ಕಿರಿದು. ದೋಷ ಗೊತ್ತಾದದ್ದಕ್ಕೂ ತಿದ್ದಿದ್ದಕ್ಕೂ ನಡುವಣದು ಇನ್ನೊಂದು. ಅದು ಹನ್ನೊಂದು ವರ್ಷ. ಮೊದಲನೆಯ ಸಂದನ್ನು ಮುಚ್ಚಲು ಹತ್ತಾರು ಸಾಲಿನ ಬರಹ ಸಾಕಾಯಿತು. ಎರಡನೆಯದನ್ನು ಮುಚ್ಚಲು ಬೇಕಾದದ್ದು ನೆನಪು. ಅನಿವಾರ್ಯವಾಗಿ ಒಂದು ಬಾಗಿಲನ್ನು ತೆರೆದಿಡುವವರು, ಏಕೆ ತೆರೆದಿಟ್ಟೆವು, ಯಾವಾಗ ಬಂದು ಮುಚ್ಚಬೇಕು ಎಂಬುದನ್ನು ಬಾಗಿಲ ಮೇಲೆಯೇ ಬರೆದಿಟ್ಟು ಹೋಗಬೇಕು. ಮುಂದೆ ಕಾವಲಿಗೆ ಬರುವವನು ಬೇರೊಬ್ಬ. ಅವನಿಗೆ ನಮ್ಮ ಮನಸ್ಸಿನಲ್ಲಿದ್ದುದು ತಿಳಿಯುವುದು ಹೇಗೆ?